ಮಕ್ಕಳ ಚಿತ್ರವಿದ್ಯೆಯೂ ಮನೆಯ ಹಣವೂ

ಹೊಸಪೇಟೆ, ಸಂಡೂರು, ಕಂಪ್ಲಿಗಳಂತಹ ಊರುಗಳ ಮಕ್ಕಳೂ ಈಗ ಚಲನಚಿತ್ರದ ದೃಶ್ಯಚಮತ್ಕಾರವನ್ನು, ಎಂದರೆ ವಿಎಫ್‌ಎಕ್ಸ್ ವಿದ್ಯೆಯನ್ನು, ಕಲಿಯುವೆವೆಂದು ಹೊರಡುವುದುಂಟು. ಆ ಮಾತಿನ ಬೆನ್ನಿಗೇ ಲಕ್ಷಾಂತರ ರೂಪಾಯಿಯ ಕಂಪ್ಯೂಟರಿನ ಬೇಡಿಕೆಯೂ ಬರುವುದು. ಕಬ್ಬು ಮಾರಿ ಬಂದ ಹಣವನ್ನೋ ಸಂಬಳದ ಉಳಿತಾಯವನ್ನೋ ಅದಕ್ಕೆ ಸುರಿಯಬೇಕಾದ ತಂದೆತಾಯಿಗಳು, ಆ ಯಂತ್ರದ ಅಗತ್ಯವೆಷ್ಟೆಂಬುದನ್ನು ತಾವೂ ತಿಳಿದಿರಬೇಕೆಂಬುದು ನಮ್ಮ ಅಭಿಪ್ರಾಯ.

ಈ ವಿದ್ಯೆ ನಮ್ಮ ಸೀಮೆಗೆ ಅಪರಿಚಿತವಾದುದಲ್ಲ. ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ ಎಂಬವರು ೨೦೦೬ರಲ್ಲಿ ಹಂಪೆಯ ದೃಶ್ಯಗಳನ್ನು ದುಂಡನೆಯ ದೊಡ್ಡ ತೆರೆಯ ಮೇಲೆ ಮೂಡಿಸಿ, ಛಾಯಾಚಿತ್ರದ ಗುಡಿಗಳ ನಡುವೆ ಕಂಪ್ಯೂಟರಿನಲ್ಲಿ ರಚಿಸಿದ ದೇವತೆಗಳನ್ನು ನಿಲ್ಲಿಸಿದರು. ‘ಪ್ಲೇಸ್–ಹಂಪಿ’ ಎಂಬ ಆ ಕೃತಿಗೆ ೨೦೧೨ರಲ್ಲಿ ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಕಲಾಧಾಮದಲ್ಲಿ ನೆಲೆ ದೊರೆಯಿತು. ಅದೇ ವರ್ಷ ಕರ್ನಾಟಕ ಸರ್ಕಾರವು ಈ ಉದ್ಯಮಕ್ಕಾಗಿ ಪ್ರತ್ಯೇಕ ನೀತಿಯನ್ನೂ ಪ್ರಕಟಿಸಿತು.

ಇನ್ನು ಯಂತ್ರದ ಲೆಕ್ಕವನ್ನು ನೋಡೋಣ. ಚಲನಚಿತ್ರದಲ್ಲಿ ಸೆಕೆಂಡಿಗೆ ೨೪ ಚಿತ್ರಗಳು, ನಿಮಿಷಕ್ಕೆ ೧,೪೪೦. ಕಲ್ಪಿಸಿದ ಕಲ್ಲಿನ ಮೇಲೆ ಬೆಳಕು ಹೇಗೆ ಬೀಳುವುದೆಂದು ಕಂಪ್ಯೂಟರ್ ಒಂದೊಂದು ಚಿತ್ರಕ್ಕೂ ಗಣಿಸಬೇಕು. ಇದಕ್ಕೆ ರೆಂಡರಿಂಗ್ ಎಂದು ಹೆಸರು. ಚಿತ್ರವೊಂದಕ್ಕೆ ಒಂದು ಗಂಟೆ ಹಿಡಿದರೆ, ಒಂದು ನಿಮಿಷದ ದೃಶ್ಯಕ್ಕೆ ಒಂದೇ ಯಂತ್ರವು ಹಗಲಿರುಳು ೬೦ ದಿನ ದುಡಿಯಬೇಕು. ೬೦ ಯಂತ್ರಗಳಿದ್ದರೆ ಒಂದೇ ದಿನ ಸಾಕು. ೪ಕೆ ಚಿತ್ರವೊಂದರಲ್ಲಿ ಸುಮಾರು ೮೮ ಲಕ್ಷ ಬಿಂದುಗಳಿರುವುವು. ಕುಗ್ಗಿಸದೆ ಇಟ್ಟರೆ ಒಂದಕ್ಕೆ ಸುಮಾರು ೩೫ ಎಂಬಿ, ನಿಮಿಷಕ್ಕೆ ೫೦ ಜಿಬಿಯಷ್ಟು ಸ್ಥಳ ಬೇಕಾಗುವುದು. ದೊಡ್ಡ ಸ್ಟುಡಿಯೋಗಳು ಕೋಣೆ ತುಂಬ ಕಂಪ್ಯೂಟರುಗಳನ್ನಿಟ್ಟು, ಅವುಗಳನ್ನು ತಂಪಾಗಿಡಲೂ ವಿದ್ಯುತ್ತನ್ನು ವೆಚ್ಚಮಾಡುವುದು ಈ ಕಾರಣದಿಂದಲೇ.

ಆದರೆ ಇದು ಸ್ಟುಡಿಯೋದ ಅಗತ್ಯವೇ ಹೊರತು ಕಲಿಯುವವನ ಅಗತ್ಯವಲ್ಲ. ಕಂಪ್ಲಿಯ ಸೀಮೆಯಲ್ಲಿ ಕಬ್ಬು ಬೆಳೆದವರೆಲ್ಲರೂ ಗಾಣ ಹೂಡುವುದಿಲ್ಲವಷ್ಟೆ! ಆಲೆಮನೆಗೆ ಕಬ್ಬನ್ನು ಒಯ್ಯುವಂತೆ, ಭಾರವಾದ ರೆಂಡರಿಂಗನ್ನು ಅಂತರ್ಜಾಲದ ಮೂಲಕ ಬಾಡಿಗೆಯ ಯಂತ್ರಗಳಿಗೆ ಒಪ್ಪಿಸಬಹುದು. ೨೦೨೪ರಲ್ಲಿ ತೆರೆಕಂಡ ಲಾಟ್ವಿಯಾ ದೇಶದ ‘ಫ್ಲೋ’ ಎಂಬ ಅನಿಮೇಷನ್ ಚಿತ್ರವನ್ನು ಉಚಿತವಾಗಿ ದೊರೆಯುವ ಬ್ಲೆಂಡರ್ ತಂತ್ರಾಂಶದಲ್ಲಿ ರಚಿಸಿ, ನಿರ್ದೇಶಕನ ಸ್ವಂತ ಕಂಪ್ಯೂಟರಿನಲ್ಲಿಯೇ ರೆಂಡರ್ ಮಾಡಿದರು. ೨೦೨೫ರಲ್ಲಿ ಅದಕ್ಕೆ ಆಸ್ಕರ್ ಪ್ರಶಸ್ತಿ ಬಂದಿತು.

ಆದುದರಿಂದ ನಮ್ಮ ಸೂಚನೆಯಿಷ್ಟು. ಮೊದಲ ಆರು ತಿಂಗಳು ಮನೆಯಲ್ಲಿಯೋ ಶಾಲೆಯಲ್ಲಿಯೋ ಇರುವ ಕಂಪ್ಯೂಟರಿನಲ್ಲಿಯೇ ಬ್ಲೆಂಡರನ್ನು ಅಭ್ಯಾಸಮಾಡಲಿ. ಆಸಕ್ತಿ ನಿಂತಿತೆಂದು ಕಂಡಮೇಲೆ ಕೊಳ್ಳತಕ್ಕದ್ದು. ಮಡಿಲಲ್ಲಿಡುವ ಲ್ಯಾಪ್‌ಟಾಪಿಗಿಂತ ಮೇಜಿನ ಮೇಲಿನ ಯಂತ್ರವೇ ಲೇಸು. ನಮ್ಮ ಬೇಸಗೆಯಲ್ಲಿ ಅದು ಬೇಗ ಕಾಯದು, ಬೇಕಾದಾಗ ಭಾಗಗಳನ್ನೂ ಸೇರಿಸಬಹುದು. ೩೨ ಜಿಬಿ ರ‍್ಯಾಮ್, ಇಲ್ಲವೆ ಆರಂಭಕ್ಕೆ ೧೬. ೮ ಜಿಬಿಗೆ ಕಡಮೆಯಿಲ್ಲದ ಸ್ವಂತ ಮೆಮೊರಿಯುಳ್ಳ ಗ್ರಾಫಿಕ್ಸ್ ಕಾರ್ಡು. ಒಂದು ಟಿಬಿಯ ಎಸ್‌ಎಸ್‌ಡಿ. ಕೆಲಸದ ಪ್ರತಿಯನ್ನಿಡಲು ಬೇರೊಂದು ಹಾರ್ಡ್ ಡಿಸ್ಕ್. ಯುಪಿಎಸ್ ಮತ್ತು ಸರಿಯಾದ ಅರ್ಥಿಂಗ್ ಇಲ್ಲದೆ ಯಂತ್ರವನ್ನು ಚಾಲೂ ಮಾಡಲೇಬಾರದು.

ಸಾಲ ಮಾಡಿ ಕೊಳ್ಳುವುದು ಮಾತ್ರ ಬೇಡ. ಟೆಕ್ನಿಕಲರ್ ಎಂಬ ಜಗತ್ಪ್ರಸಿದ್ಧ ಸಂಸ್ಥೆಯು ೨೦೨೫ರಲ್ಲಿ ಕುಸಿದಾಗ ಬೆಂಗಳೂರಿನಲ್ಲಿಯೂ ಅದರ ಬಾಗಿಲು ಮುಚ್ಚಿ, ನುರಿತ ಕೆಲಸಗಾರರೇ ಉದ್ಯೋಗ ಕಳೆದುಕೊಂಡರು. ಬೆಳೆಯುತ್ತಿರುವ ಉದ್ಯಮದಲ್ಲಿಯೂ ಇಂತಹ ಏರಿಳಿತಗಳುಂಟು. ಸಾಲದ ಕಂತು ಮಾತ್ರ ತಿಂಗಳು ತಪ್ಪದೆ ಬರುವುದು.

ಬೆಳಕನ್ನು ನೋಡಿ ತಿಳಿಯದವನಿಗೆ ಎಂತಹ ಯಂತ್ರವೂ ಅದನ್ನು ಕಲಿಸಲಾರದು. ವಿಜಯ ವಿಠ್ಠಲ ಗುಡಿಯ ಕಲ್ಲಿನ ರಥದ ಮೇಲೆ ಬೆಳಗಿನ ಬಿಸಿಲು ಹೇಗೆ ಬೀಳುವುದು, ಮಧ್ಯಾಹ್ನ ನೆರಳು ಎಲ್ಲಿಗೆ ಸರಿಯುವುದು ಎಂಬುದನ್ನು ಮಕ್ಕಳು ಬರೆದುಕೊಂಡು ಬರಲಿ. ನಮ್ಮ ಊರುಗಳ ಕಾಲೇಜುಗಳು ನಾಲ್ಕಾರು ಬಲವಾದ ಯಂತ್ರಗಳನ್ನು ಎಲ್ಲರ ಉಪಯೋಗಕ್ಕೆಂದು ಇಟ್ಟರೆ, ಮನೆಮನೆಯ ಹೊರೆಯೂ ಇಳಿಯುವುದು.