ಮೂವತ್ತೈದರಲ್ಲೊಂದು ಪಾಲಿನ ಯುದ್ಧ

ಆರು ಮೂಲೆಯ ಒಂದು ಬೋಲ್ಟಿನ ತಲೆ. ಅದರ ಅಗಲ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ರಾಗಿಯ ಕಾಳಿನ ಪಕ್ಕದಲ್ಲಿಟ್ಟರೆ ರಾಗಿಯೇ ದಪ್ಪವಾಗಿ ಕಾಣುತ್ತದೆ. ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯಿಂದ ಅದನ್ನು ಅಚ್ಚಿನಲ್ಲಿ ಒತ್ತಿ ತೆಗೆಯಬೇಕು, ಒದ್ದೆ ಮಾಡಿದ ಕುಂಚದ ತುದಿಯಿಂದ ಎತ್ತಬೇಕು, ಸೂಜಿಮೊನೆಯಷ್ಟು ಅಂಟಿನ ಮೇಲೆ ಕೂರಿಸಬೇಕು. ಉಸಿರು ಜೋರಾಗಿ ಬಿಟ್ಟರೂ ಅದು ಹಾರಿಹೋಗುತ್ತದೆ. ಚಿಮುಟದಿಂದ ಜಿಗಿದು ನೆಲಹಾಸಿನಲ್ಲಿ ಸೇರಿಕೊಂಡರೆ ಮತ್ತೆ ಸಿಕ್ಕಿತೆಂಬ ಭರವಸೆಯಿಲ್ಲ. ಇಂಥ ನೂರಾರು ಬೋಲ್ಟುಗಳು, ಕೊಕ್ಕೆಗಳು, ಚಿಟ್ಟೆ ನಟ್ಟುಗಳು ಸೇರಿ, ತಿಂಗಳುಗಟ್ಟಲೆಯ ರಾತ್ರಿಗಳ ನಂತರ, ಮೇಜಿನ ಮೇಲೆ ಒಂದು ಗೇಣಿನಷ್ಟು ಉದ್ದದ ಯುದ್ಧಟ್ಯಾಂಕ್ ನಿಲ್ಲುತ್ತದೆ.

ಹೊರಗಿನವರಿಗೆ ಇದು ಹುಚ್ಚಿನಂತೆ ಕಾಣುತ್ತದೆ. ಎಡಪಂಥೀಯ, ಉದಾರವಾದಿ ಮನೆಗಳಲ್ಲಿ ಇದರ ಬಗೆಗೆ ಇರುವುದು ಇನ್ನೂ ಗಾಢವಾದ ಶಂಕೆ. ಮಕ್ಕಳಿಗೆ ಆಟಿಕೆ ಬಂದೂಕನ್ನೇ ಕೊಡಿಸದ ತಾಯ್ತಂದೆಯರು ನಲವತ್ತು ದಾಟಿದ ಸ್ನೇಹಿತನೊಬ್ಬ ನಾಜಿ ಸೇನೆಯ ಟೈಗರ್ ಟ್ಯಾಂಕಿಗೆ ಬಣ್ಣ ಹಚ್ಚುತ್ತಾ ಕುಳಿತಿರುವುದನ್ನು ಕಂಡರೆ ಮುಖ ಮುಖ ನೋಡಿಕೊಳ್ಳುವುದು ಸಹಜವೇ. ಯುದ್ಧೋನ್ಮಾದದ ಬೀಜ ಇಂಥ ಹವ್ಯಾಸಗಳಲ್ಲೇ ಮೊಳೆಯುತ್ತದೆ ಎಂಬ ವಾದ ಹೊಸದೇನಲ್ಲ. ಆ ವಾದದಲ್ಲಿ ಹುರುಳಿದೆ. ಆದರೆ ಅದು ಬೊಟ್ಟುಮಾಡುವ ಜಾಗ ಮಾತ್ರ ತಪ್ಪು. ಈ ಹವ್ಯಾಸದ ದೋಷವನ್ನು ಅದರ ಅತಿಯಾದ ಸೂಕ್ಷ್ಮತೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಆ ಸೂಕ್ಷ್ಮತೆ ಎಲ್ಲಿಗೆ ಬಂದು ನಿಂತುಬಿಡುತ್ತದೆ ಎಂಬುದರಲ್ಲಿ ಹುಡುಕಬೇಕು.

ಮೊದಲು ಆ ಸೂಕ್ಷ್ಮತೆಗೆ ಸಲ್ಲಬೇಕಾದ ಗೌರವ ಸಲ್ಲಲಿ. ಟ್ಯಾಂಕ್ ಮಾದರಿಗಳ ರೂಢಿಯ ಅಳತೆ 1:35. ಅಚ್ಚಿನಲ್ಲಿ ಎರಕವಾದ ಪ್ಲಾಸ್ಟಿಕ್ ಭಾಗವನ್ನು ಒಂದು ಮಿಲಿಮೀಟರಿಗಿಂತ ಬಹಳ ತೆಳ್ಳಗೆ ಮಾಡುವುದು ಕಷ್ಟ. ಈ ಅಳತೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನಿಜಲೋಕದ 35 ಮಿಲಿಮೀಟರ್. ಹಾಗಾಗಿ ಚಕ್ರದ ಮೇಲಿನ ತಗಡಿನ ಮರೆ ಕೆಲವು ಟ್ಯಾಂಕುಗಳ ಪಕ್ಕದ ಕವಚಕ್ಕಿಂತಲೂ ದಪ್ಪವಾಗಿ ಕಾಣುತ್ತದೆ. ಇದು ಸುಳ್ಳು ಎಂದು ಕಣ್ಣಿಗೆ ಹೊಡೆಯುತ್ತದೆ. ಅದಕ್ಕಾಗಿಯೇ ಹಿತ್ತಾಳೆ ಬಂದದ್ದು. ರಾಸಾಯನಿಕದಿಂದ ಕೊರೆದ 0.1ರಿಂದ 0.2 ಮಿಲಿಮೀಟರ್ ದಪ್ಪದ ಹಿತ್ತಾಳೆ ತಗಡನ್ನು ಕತ್ತರಿಸಿ, ಮಡಚಿ, ಬೆಸುಗೆ ಹಾಕಿ, ಗುದ್ದಲಿ ಹಾರೆಗಳನ್ನು ಹಿಡಿದಿಡುವ ಕೊಕ್ಕೆಯನ್ನು ಐದಾರು ತುಂಡುಗಳಿಂದ ಕಟ್ಟುತ್ತಾರೆ. ಅಕ್ಕಸಾಲಿಗನ ಕಸುಬಿಗೆ ಇದಕ್ಕಿಂತ ಹತ್ತಿರವಾದ ಹವ್ಯಾಸ ಇನ್ನೊಂದು ಸಿಗಲಾರದು. ಕೂಲಿ ಮಾತ್ರ ಇಲ್ಲ.

ಈ 1:35ರ ಮೂಲವೇ ಒಂದು ತಮಾಷೆ. ಜಪಾನಿನ ಶಿಜುವೊಕಾ ನಗರದ ತಮಿಯಾ ಕಂಪನಿ 1946ರಲ್ಲಿ ಮರ ಕೊಯ್ಯುವ ಉದ್ಯಮವಾಗಿ ಆರಂಭವಾಯಿತು. ಮರದ ಆಟಿಕೆಗಳಿಂದ ಪ್ಲಾಸ್ಟಿಕ್ಕಿಗೆ ಬಂದದ್ದು 1960ರ ಹೊತ್ತಿಗೆ. ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಓಡುವ ಮಾದರಿಯನ್ನು ಮಾಡಲು ಹೊರಟಾಗ ಅದರ ಒಡಲಿನಲ್ಲಿ ಬ್ಯಾಟರಿಯೂ ಮೋಟಾರೂ ಹಿಡಿಸಬೇಕಿತ್ತು. ಅವು ಹಿಡಿಸುವಷ್ಟು ಅಗಲವಿಟ್ಟು ಲೆಕ್ಕ ಹಾಕಿದಾಗ ಬಂದ ಸಂಖ್ಯೆ ಹೆಚ್ಚುಕಡಿಮೆ 35. ಜಗತ್ತಿನ ಅರ್ಧ ಹವ್ಯಾಸಿಗಳು ಶಾಸ್ತ್ರವೆಂಬಂತೆ ಪಾಲಿಸುವ ಅನುಪಾತ ಬ್ಯಾಟರಿಯ ಗಾತ್ರದಿಂದ ಹುಟ್ಟಿದ್ದು! ಶಿಜುವೊಕಾ 1945ರ ಜೂನಿನಲ್ಲಿ ಅಮೆರಿಕದ ಬಾಂಬುಗಳಿಂದ ಸುಟ್ಟುಹೋದ ನಗರ. ಯುದ್ಧದ ಹಕ್ಕನ್ನು ತ್ಯಜಿಸಿದ 1947ರ ಸಂವಿಧಾನದ ದೇಶದಲ್ಲಿರುವ ನಗರ. ಅಲ್ಲಿಂದಲೇ ಟ್ಯಾಂಕುಗಳು ಪೆಟ್ಟಿಗೆಯಲ್ಲಿ ಲೋಕಕ್ಕೆಲ್ಲ ಹೋದವು. ಇದನ್ನು ವ್ಯಂಗ್ಯವೆಂದು ಕರೆದು ಮುಂದೆ ಹೋಗುವುದು ಸುಲಭ. ಸೋತ, ಸುಟ್ಟ ಊರಿನವರು ಯುದ್ಧವನ್ನು ಕೈಯಲ್ಲಿ ಹಿಡಿಯಬಹುದಾದ ಗಾತ್ರಕ್ಕೆ ಇಳಿಸಿಕೊಂಡರು ಎಂದೂ ಓದಬಹುದು.

ಗಾತ್ರ ಇಳಿದಂತೆ ಏನೋ ಒಂದು ಪ್ರಾಮಾಣಿಕತೆ ಹೆಚ್ಚುತ್ತದೆ ಎಂಬುದಕ್ಕೆ ಪ್ರಾಗ್ ನಗರದ ಕಥೆ ಸಾಕ್ಷಿ. 1945ರಲ್ಲಿ ಅಲ್ಲಿನ ಸ್ಮೀಖೋವ್ ಭಾಗದಲ್ಲಿ ಸೋವಿಯತ್ ಟ್ಯಾಂಕ್ ಯೋಧರ ಸ್ಮಾರಕವೆಂದು ಒಂದು ಟ್ಯಾಂಕನ್ನು ಕಟ್ಟೆಯ ಮೇಲೆ ನಿಲ್ಲಿಸಿದರು. ಊರನ್ನು ಬಿಡುಗಡೆ ಮಾಡಲು ಮೊದಲು ಬಂದ ಟ್ಯಾಂಕ್ ಇದೇ ಎಂದು ದಶಕಗಳ ಕಾಲ ಜನರಿಗೆ ಹೇಳಲಾಯಿತು. ಮೊದಲು ಬಂದದ್ದೆಂದು ಹೆಸರಾದದ್ದು 24ನೇ ಸಂಖ್ಯೆಯ ಟಿ-34. ಕಟ್ಟೆಯ ಮೇಲೆ ನಿಂತದ್ದು 23ನೇ ಸಂಖ್ಯೆ ಬರೆದ, ಬೇರೆಯೇ ಜಾತಿಯ, ಭಾರಿ ಐಎಸ್-2. ಚಕ್ರಗಳ ಜೋಡಣೆಯೇ ಬೇರೆ, ಫಿರಂಗಿಯೇ ಬೇರೆ. ಪ್ರಭುತ್ವಕ್ಕೆ ಅದು ಮುಖ್ಯವಾಗಿರಲಿಲ್ಲ. ಟ್ಯಾಂಕ್ ದೊಡ್ಡದಾಗಿ ಕಂಡರೆ ಸಾಕಿತ್ತು. 1991ರ ಏಪ್ರಿಲಿನಲ್ಲಿ ಡೇವಿಡ್ ಚೆರ್ನಿ ಎಂಬ ಯುವ ಕಲಾವಿದ ರಾತ್ರೋರಾತ್ರಿ ಅದಕ್ಕೆ ಗುಲಾಬಿ ಬಣ್ಣ ಬಳಿದು ಬಂಧನಕ್ಕೊಳಗಾದ. ಸೇನೆ ಮತ್ತೆ ಹಸಿರು ಬಳಿಯಿತು. ಸಂಸತ್ತಿನ ಕೆಲವು ಸದಸ್ಯರು ತಮಗಿದ್ದ ಕಾನೂನಿನ ರಕ್ಷಣೆಯನ್ನು ಬಳಸಿಕೊಂಡು ಮತ್ತೆ ಗುಲಾಬಿ ಬಳಿದರು. ಚೆರ್ನಿಯ ಕೆಲಸ ಲೋಕಪ್ರಸಿದ್ಧವಾಯಿತು. ಆದರೆ ರಿವೆಟ್ ಎಣಿಸುವವರೆಂದು ಗೇಲಿಗೊಳಗಾಗುವ ಮಾದರಿಕಾರರಿಗೆ ಆ ಸ್ಮಾರಕದ ಸುಳ್ಳು ಕಾಣಲು ಬಣ್ಣದ ಡಬ್ಬಿಯೇನೂ ಬೇಕಿರಲಿಲ್ಲ. ಚಕ್ರಗಳನ್ನು ಎಣಿಸಿದರೆ ಸಾಕಿತ್ತು.

ನಿಜವಾದ ಭಯ ಹುಟ್ಟಿಸಬೇಕಾದದ್ದು ಹಾಗಾದರೆ ಪೂರ್ಣ ಗಾತ್ರದ ಟ್ಯಾಂಕು, ವಿವರಗಳಿಲ್ಲದ ಟ್ಯಾಂಕು. 2017ರ ಜುಲೈನಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಅಂದಿನ ಕುಲಪತಿಗಳು ಕಾರ್ಗಿಲ್ ವಿಜಯದ ಸಮಾರಂಭದಲ್ಲಿ ಕೇಂದ್ರ ಸಚಿವರ ಮುಂದೆ ಒಂದು ಬೇಡಿಕೆ ಇಟ್ಟರು: ಸೈನಿಕರ ತ್ಯಾಗ ವಿದ್ಯಾರ್ಥಿಗಳಿಗೆ ನಿತ್ಯವೂ ನೆನಪಾಗುವಂತೆ ಆವರಣದಲ್ಲಿ ನಿಲ್ಲಿಸಲು ಒಂದು ಟ್ಯಾಂಕ್ ಬೇಕು. ಯಾವ ಟ್ಯಾಂಕು, ಯಾವ ಯುದ್ಧದ್ದು, ಯಾರು ಅದರೊಳಗೆ ಕುಳಿತಿದ್ದರು ಎಂಬ ಪ್ರಶ್ನೆಗಳಿಗೆ ಆ ಬೇಡಿಕೆಯಲ್ಲಿ ಜಾಗವಿರಲಿಲ್ಲ. ಹೆಸರಿಲ್ಲದ ಉಕ್ಕಿನ ಮುದ್ದೆಯೊಂದು ಸಾಕು, ಉಳಿದದ್ದನ್ನು ಭಕ್ತಿಯೇ ತುಂಬಿಕೊಡುತ್ತದೆ ಎಂಬ ನಂಬಿಕೆ ಅದು.

1965ರ ಯುದ್ಧದಲ್ಲಿ ಸೆರೆಸಿಕ್ಕ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಭಾರತದ ಹಲವು ಊರುಗಳಲ್ಲಿ ವಿಜಯದ ಕುರುಹಾಗಿ ನಿಂತಿವೆ. ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರಲ್ಲಿ ಎಷ್ಟು ಮಂದಿಗೆ ಹವಾಲ್ದಾರ್ ಅಬ್ದುಲ್ ಹಮೀದ್ ನೆನಪಾಗುತ್ತಾರೆ? ಪಂಜಾಬಿನ ಅಸಲ್ ಉತ್ತರ್ ಕಾಳಗದಲ್ಲಿ, ಕವಚವೇ ಇಲ್ಲದ ಜೀಪಿನ ಮೇಲೆ ಕೂರಿಸಿದ ಫಿರಂಗಿಯಿಂದ ಒಂದಾದ ಮೇಲೊಂದು ಪ್ಯಾಟನ್ನುಗಳನ್ನು ಒಡೆದು ಪ್ರಾಣ ಕೊಟ್ಟವರು, ಮರಣಾನಂತರ ಪರಮವೀರ ಚಕ್ರ ಪಡೆದವರು, ಗಾಜಿಪುರ ಜಿಲ್ಲೆಯ ಬಟ್ಟೆ ಹೊಲಿಯುವ ಮನೆತನದ ಈ ಮುಸ್ಲಿಂ ಸೈನಿಕ. ಪ್ಯಾಟನ್ನಿನ ಮಾದರಿಯನ್ನು ಶ್ರದ್ಧೆಯಿಂದ ಕಟ್ಟುವವನು ಅದನ್ನು ಹೊಡೆದದ್ದು ಯಾವುದು ಎಂದು ಇಂದಲ್ಲ ನಾಳೆ ಕೇಳಿಯೇ ಕೇಳುತ್ತಾನೆ. ಹುಡುಕುತ್ತಾ ಹೋದರೆ ಜೀಪಿಗೆ ಬರುತ್ತಾನೆ, ಜೀಪಿನಿಂದ ಹಮೀದರಿಗೆ. ಸೂಕ್ಷ್ಮತೆಗೆ ಈ ಶಕ್ತಿ ಇದೆ. ಮುಸಲ್ಮಾನರ ದೇಶಭಕ್ತಿಗೆ ದಿನವೂ ಪ್ರಮಾಣಪತ್ರ ಕೇಳುವವರ ಕೈಯಲ್ಲಿರುವ ಪೂರ್ಣ ಗಾತ್ರದ ಟ್ಯಾಂಕಿಗೆ ಅದಿಲ್ಲ.

ಇಷ್ಟು ಹೇಳಿದ ಮೇಲೆ ಹವ್ಯಾಸದ ಕಡೆಗೂ ಕೆಲವು ಕಟುವಾದ ಮಾತುಗಳು ಹೋಗಬೇಕು. ಟೈಗರ್-1 ಒಟ್ಟು ತಯಾರಾದದ್ದು ಸುಮಾರು 1,350. ಅದನ್ನು ಎದುರಿಸಿದ ಟಿ-34 ಯುದ್ಧದ ಅವಧಿಯಲ್ಲೇ 50,000ಕ್ಕೂ ಹೆಚ್ಚು. ಮಾದರಿ ಅಂಗಡಿಯ ಕಪಾಟಿನ ಮುಂದೆ ನಿಂತವರಿಗೆ ಈ ಅನುಪಾತದ ಸುಳಿವೂ ಸಿಗದು. ಟೈಗರ್, ಪ್ಯಾಂಥರ್, ಮತ್ತೆ ಟೈಗರ್. 1943ರ ಕೊನೆಯಿಂದ 1944ರ ಸೆಪ್ಟೆಂಬರಿನವರೆಗೆ ಜರ್ಮನ್ ಟ್ಯಾಂಕುಗಳಿಗೆ ಕಾಂತದ ಸಿಡಿಗುಂಡು ಅಂಟದಂತೆ ಜಿಮರಿಟ್ ಎಂಬ ಲೇಪವನ್ನು ಬಳಿಯುತ್ತಿದ್ದರು. ಆ ಲೇಪದ ಗೀರುಗಳನ್ನು ನೋಡಿಯೇ ಟ್ಯಾಂಕ್ ಯಾವ ಕಾರ್ಖಾನೆಯಿಂದ ಹೊರಬಂತೆಂದು ಹೇಳಬಲ್ಲ ಮಾದರಿಕಾರರಿದ್ದಾರೆ. ಕಾರ್ಖಾನೆ ಗೊತ್ತು. ಅದರೊಳಗೆ ಯಾರಿದ್ದರು?

ಟೈಗರ್ ತಯಾರಾಗುತ್ತಿದ್ದದ್ದು ಕಾಸೆಲ್ ನಗರದ ಹೆನ್ಶೆಲ್ ಕಾರ್ಖಾನೆಯಲ್ಲಿ. ಆಕ್ರಮಿತ ದೇಶಗಳಿಂದ ತಂದ ಜೀತದಾಳುಗಳು ಅಲ್ಲಿ ದುಡಿಯುತ್ತಿದ್ದರು. ಆಸ್ಟ್ರಿಯಾದ ಸಾಂಕ್ಟ್ ವ್ಯಾಲೆಂಟಿನ್ ಊರಿನಲ್ಲಿ, ಪಾಂಜರ್-4 ಟ್ಯಾಂಕುಗಳು ಹೊರಬರುತ್ತಿದ್ದ ನೀಬೆಲುಂಗನ್ ಕಾರ್ಖಾನೆಗೆ, 1944ರಲ್ಲಿ ಮೌಟ್‌ಹೌಸನ್ ಯಾತನಾ ಶಿಬಿರದ ಒಂದು ಉಪಶಿಬಿರವನ್ನೇ ಜೋಡಿಸಲಾಯಿತು. ಇಂದು ಚಿಮುಟದಲ್ಲಿ ಹಿಡಿದು ಕೂರಿಸುವ ಬೋಲ್ಟಿನ ಮೂಲ ಪ್ರತಿಯನ್ನು ಬಿಗಿದ ಕೈ ಕೈದಿಯದ್ದೂ ಆಗಿದ್ದಿರಬಹುದು. ಬೋಲ್ಟಿನ ಅಳತೆಯಲ್ಲಿ ಕಾಲು ಮಿಲಿಮೀಟರ್ ತಪ್ಪಿದರೆ ನಿದ್ದೆಗೆಡುವ ಹವ್ಯಾಸ ಆ ಕೈಯ ವಿಷಯಕ್ಕೆ ಬಂದಾಗ ಮಾತ್ರ ಸುಮ್ಮನಾಗುತ್ತದೆ. ರಾಜಕೀಯ ಬೇಡ, ಇದು ಬರೀ ಎಂಜಿನಿಯರಿಂಗ್ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಜರ್ಮನಿಯ ಕಾನೂನು ಕೂಡ ಇಲ್ಲಿ ಹೆಚ್ಚೇನೂ ನೆರವಿಗೆ ಬಾರದು. ಅಲ್ಲಿನ ದಂಡಸಂಹಿತೆಯ 86ಎ ಕಲಮು ಸ್ವಸ್ತಿಕವೂ ಸೇರಿದಂತೆ ನಾಜಿ ಚಿಹ್ನೆಗಳ ಪ್ರದರ್ಶನವನ್ನು ನಿಷೇಧಿಸುತ್ತದೆ; ಹಾಗಾಗಿ ವಿಮಾನ ಮಾದರಿಗಳ ಬಾಲದ ಮೇಲಿನ ಗುರುತನ್ನು ತಯಾರಕರು ಕೈಬಿಡುತ್ತಾರೆ, ಇಲ್ಲವೇ ಎರಡು ತುಂಡು ಮಾಡಿ ಕೊಡುತ್ತಾರೆ. ಟ್ಯಾಂಕುಗಳ ಮೇಲೆ ಇದ್ದದ್ದಾದರೋ ಬಹುಪಾಲು ಸೇನೆಯ ಕಪ್ಪು ಶಿಲುಬೆ. ಅದಕ್ಕೆ ನಿಷೇಧವಿಲ್ಲ. ಹೀಗೆ ಟ್ಯಾಂಕು ಪಕ್ಷದಿಂದ ಬೇರ್ಪಟ್ಟು, ಕೇವಲ ಸೇನೆಯದ್ದಾಗಿ, ಶುಭ್ರವಾಗಿ ಪೆಟ್ಟಿಗೆಯಿಂದ ಹೊರಬರುತ್ತದೆ. ಪಾತಕವೆಲ್ಲ ಹಿಟ್ಲರನ ಆಪ್ತಪಡೆಯದ್ದು, ಸಾಮಾನ್ಯ ಸೈನಿಕರ ಕೈ ಸ್ವಚ್ಛ ಎಂಬ ಕಥೆಯನ್ನು ಯುದ್ಧಾನಂತರದ ಜರ್ಮನಿ ಬಹುಕಾಲ ಹೇಳಿಕೊಂಡಿತ್ತು. ಹ್ಯಾಂಬರ್ಗಿನ ಸಾಮಾಜಿಕ ಸಂಶೋಧನಾ ಸಂಸ್ಥೆ 1995ರಲ್ಲಿ ಆರಂಭಿಸಿದ ಪ್ರದರ್ಶನವು ಆ ಸೈನಿಕರ ಅಪರಾಧಗಳನ್ನು ಊರೂರಿಗೆ ಒಯ್ದು ತೋರಿಸಿದಾಗ ಎದ್ದ ಕೋಲಾಹಲ ಸಣ್ಣದಲ್ಲ. ಪ್ರದರ್ಶನದ ಕೆಲವು ಚಿತ್ರಗಳ ವಿವರಣೆಯಲ್ಲಿ ತಪ್ಪು ಕಂಡಾಗ ಅದನ್ನು ಹಿಂತೆಗೆದು, ತಿದ್ದಿ, 2001ರಲ್ಲಿ ಮತ್ತೆ ತೆರೆದರು. ಮೂಲ ಆರೋಪ ಬಿದ್ದುಹೋಗಲಿಲ್ಲ. ಚಿತ್ರದ ಕೆಳಗಿನ ಒಂದು ಸಾಲನ್ನೂ ಸರಿಪಡಿಸುವ ಆ ಶಿಸ್ತು ಮಾದರಿಕಾರರಿಗೆ ಅಪರಿಚಿತವಾದದ್ದೇನಲ್ಲ.

2023ರ ಫೆಬ್ರುವರಿಯಲ್ಲಿ, ಉಕ್ರೇನಿನ ಮೇಲಿನ ದಾಳಿಗೆ ವರ್ಷ ತುಂಬಿದ ದಿನ, ಬರ್ಲಿನ್ನಿನ ರಷ್ಯನ್ ರಾಯಭಾರ ಕಚೇರಿಯ ಎದುರು ಸುಟ್ಟು ಕರಕಾದ ಟಿ-72 ಟ್ಯಾಂಕೊಂದನ್ನು ತಂದು ನಿಲ್ಲಿಸಲಾಯಿತು. ಅದಕ್ಕೆ ಅನುಮತಿ ದೊರೆತದ್ದು ನ್ಯಾಯಾಲಯದ ಮೂಲಕ. ಜನ ಅದರ ಮೇಲೆ ಗುಲಾಬಿ ಹೂಗಳನ್ನಿಟ್ಟರು. ಆಕ್ರಮಣವನ್ನು ಖಂಡಿಸಿ ಇಟ್ಟವರಿದ್ದರು, ರಷ್ಯಾದ ಪರವಾಗಿ ಇಟ್ಟವರೂ ಇದ್ದರು. ಬೆಂಕಿಯಲ್ಲಿ ಬೆಂದ ಉಕ್ಕು ಹಿಡಿಯುವ ಆ ಕಿತ್ತಳೆ ಬಣ್ಣದ ತುಕ್ಕನ್ನು ಮೂಡಿಸಲು ಮಾದರಿಕಾರರು ಉಪ್ಪು, ಸ್ಪಂಜು, ಪುಡಿಬಣ್ಣಗಳಿಂದ ವಾರಗಟ್ಟಲೆ ಸಾಧನೆ ಮಾಡುತ್ತಾರೆ. ಅಷ್ಟು ಚೆಂದದ ತುಕ್ಕಿನ ಮುಂದೆ ನಿಂತಾಗ ಒಳಗೆ ಯಾರಾದರೂ ಇದ್ದರೇ ಎಂಬ ಪ್ರಶ್ನೆ ಮೇಜಿನ ಮೇಲೆ ಹುಟ್ಟುವುದಿಲ್ಲ. ಬೀದಿಯಲ್ಲಿ ಹುಟ್ಟಿತು.

ಹವ್ಯಾಸವನ್ನು ಬಿಡಿಸುವುದೂ ಪೆಟ್ಟಿಗೆಗಳನ್ನು ನಿಷೇಧಿಸುವುದೂ ಇಲ್ಲಿ ಬೇಕಿಲ್ಲ. ಹಲವು ಪೆಟ್ಟಿಗೆಗಳಲ್ಲಿ ಜೋಡಣೆಯ ಸೂಚನಾ ಹಾಳೆಯ ಮೊದಲ ಪುಟದಲ್ಲಿ ಟ್ಯಾಂಕಿನ ಚರಿತ್ರೆಯೆಂದು ಒಂದು ಪರಿಚ್ಛೇದ ಇರುತ್ತದೆ. ಕವಚದ ದಪ್ಪ, ಎಂಜಿನ್ನಿನ ಶಕ್ತಿ, ಫಿರಂಗಿಯ ಅಳತೆ, ತಯಾರಾದ ಸಂಖ್ಯೆ, ಕಾದಾಡಿದ ರಣರಂಗ. ಅಲ್ಲಿ ಕಾರ್ಖಾನೆಯ ಹೆಸರಿನ ಪಕ್ಕದಲ್ಲಿ ಇನ್ನೆರಡು ಸಾಲು ಬರಲಿ: ಅದರಲ್ಲಿ ಯಾರು ಯಾವ ಸ್ಥಿತಿಯಲ್ಲಿ ದುಡಿದರು, ಹೊರಬಂದ ಟ್ಯಾಂಕು ಯಾವ ಊರುಗಳ ಮೇಲೆ ಹೋಯಿತು. ತಯಾರಕರು ಬರೆಯದಿದ್ದರೆ, ಮಾದರಿಯನ್ನು ಸ್ಪರ್ಧೆಗಿಡುವವರೇ ಅದರ ಬುಡದ ಹಲಗೆಯ ಮೇಲೆ ಬರೆಯಬಹುದು. ಅರ್ಧ ಮಿಲಿಮೀಟರಿನ ಬೋಲ್ಟನ್ನು ಕೂರಿಸಬಲ್ಲ ಕೈಗೆ ಎರಡು ಸಾಲು ಬರೆಯುವುದು ಕಷ್ಟವಾಗಲಾರದು. ಹಲಗೆಯಲ್ಲಿ ಜಾಗವೂ ಇರುತ್ತದೆ.