‘ನಿಮಗೊಬ್ಬರಿಗೇ ಈ ತೊಂದರೆ’ ಅಂದ ಅಂಚೆ ಕಂಪನಿ

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ಅಂದ ಕೂಡಲೇ ನಮ್ಮ ಕಣ್ಮುಂದೆ ಬರೋದು ಗಿಡ ನೆಡೋ ಫೋಟೋ, ಸರ್ಕಾರಿ ಶಾಲೆಗೆ ಕೊಟ್ಟ ಬೆಂಚು, ಅದರ ಹಿಂದೊಂದು ಉದ್ದನೆಯ ಬ್ಯಾನರು. ನಮ್ಮ 2013ರ ಕಂಪನಿ ಕಾಯ್ದೆಯಂತೂ ಇದಕ್ಕೊಂದು ಲೆಕ್ಕವನ್ನೇ ಕೊಟ್ಟಿದೆ: ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2 ಭಾಗ ಖರ್ಚು ಮಾಡಬೇಕು. ಒಳ್ಳೇದೇ, ಬೇಡ ಅನ್ನೋರು ಯಾರು? ಆದರೆ ಉಳಿದ 98 ಭಾಗವನ್ನ ಹೇಗೆ ದುಡಿದರು ಅಂತ ಯಾರೂ ಕೇಳೋದಿಲ್ಲವಲ್ಲ!

ಈ ಪ್ರಶ್ನೆ ಬಂದಾಗೆಲ್ಲ ನನಗೆ ನೆನಪಾಗೋದು ಬ್ರಿಟನ್ನಿನ ಪೋಸ್ಟ್ ಆಫೀಸ್ ಕಂಪನಿ. ಅಲ್ಲಿನ ಬಹುಪಾಲು ಅಂಚೆ ಕಚೇರಿಗಳನ್ನ ನಡೆಸೋದು ಸಬ್‌ಪೋಸ್ಟ್‌ಮಾಸ್ಟರುಗಳು. ಒಂದು ಕಡೆ ದಿನಸಿ ಅಂಗಡಿ, ಇನ್ನೊಂದು ಕಡೆ ಅಂಚೆ ಕೌಂಟರು. ನಮ್ಮ ಭಾರತದಿಂದ ಹೋದವರೂ ಅವರಲ್ಲಿ ಬಹಳ ಮಂದಿ ಇದ್ದಾರೆ. 1999ರಿಂದ ಇವರ ಕೌಂಟರುಗಳಿಗೆ ಫುಜಿತ್ಸು ಕಂಪನಿಯ ‘ಹೊರೈಜನ್’ ಎಂಬ ಲೆಕ್ಕದ ಸಾಫ್ಟ್‌ವೇರ್ ಬಂತು. ಅಲ್ಲಿಂದ ಶುರುವಾಯ್ತು ನೋಡಿ. ಪೆಟ್ಟಿಗೆಯಲ್ಲಿ ದುಡ್ಡು ಸರಿಯಾಗಿದ್ದರೂ ಪರದೆಯ ಮೇಲೆ ಸಾವಿರಾರು ಪೌಂಡ್ ಕೊರತೆ! ಕೊರತೆ ಬಂದರೆ ಕೈಯಿಂದ ಕಟ್ಟಬೇಕು ಅನ್ನೋದು ಕಂಪನಿಯ ಪಟ್ಟು.

ಹ್ಯಾಂಪ್‌ಶೈರಿನ ಒಂದು ಹಳ್ಳಿಯಲ್ಲಿ ಜೋ ಹ್ಯಾಮಿಲ್ಟನ್ ಎಂಬಾಕೆ ಸಹಾಯವಾಣಿಗೆ ಫೋನ್ ಮಾಡಿದರು. ಅವರು ಹೇಳಿದಂತೆ ಗುಂಡಿ ಒತ್ತುತ್ತಾ ಹೋದರೆ 2,000 ಪೌಂಡ್ ಕೊರತೆ ಕಣ್ಣೆದುರಿಗೇ 4,000 ಆಯ್ತು! ಬ್ರಿಡ್ಲಿಂಗ್ಟನ್ನಿನ ಲೀ ಕಾಸಲ್‌ಟನ್ ಸಹಾಯವಾಣಿಗೆ ಫೋನ್ ಮಾಡಿದ್ದು 91 ಸಲ. ಕೊನೆಗೆ ಸುಮಾರು 25 ಸಾವಿರ ಪೌಂಡ್ ಕೊರತೆಯ ಕೇಸಿನಲ್ಲಿ ಸೋತು, 3 ಲಕ್ಷ 21 ಸಾವಿರ ಪೌಂಡ್ ಕೋರ್ಟ್ ಖರ್ಚು ಹೊತ್ತು ದಿವಾಳಿಯಾದರು. ಸೀಮಾ ಮಿಶ್ರಾ 2010ರಲ್ಲಿ ಜೈಲಿಗೆ ಹೋದಾಗ ಗರ್ಭಿಣಿ.

ಎಷ್ಟೋ ಜನ ಸಹಾಯವಾಣಿಯಿಂದ ಕೇಳಿದ ಉತ್ತರ ಒಂದೇ. ‘ಬೇರೆ ಯಾರಿಗೂ ಈ ತೊಂದರೆ ಇಲ್ಲ, ನಿಮಗೊಬ್ಬರಿಗೇ.’ ಹೀಗೆ ‘ಒಬ್ಬರಿಗೇ’ ಅಂತ ಕೇಳಿಸಿಕೊಂಡವರನ್ನ ಎಣಿಸಿ ನೋಡಿ. 1999ರಿಂದ 2015ರ ನಡುವೆ ಶಿಕ್ಷೆಗೊಳಗಾದವರೇ 900ಕ್ಕೂ ಹೆಚ್ಚು ಮಂದಿ. ಕನಿಷ್ಠ 13 ಜನರ ಆತ್ಮಹತ್ಯೆಗೆ ಇದೇ ಕಾರಣವಿರಬಹುದು ಅಂತ ಸರ್ ವಿನ್ ವಿಲಿಯಮ್ಸ್ ವಿಚಾರಣೆಯ 2025ರ ಜುಲೈ ವರದಿ ಹೇಳುತ್ತೆ.

ಸಾಫ್ಟ್‌ವೇರ್ ಅಂದಮೇಲೆ ಬಗ್ ಇರುತ್ತೆ, ಅದೇನು ಮಹಾಪರಾಧವಾ ಅಂತ ನೀವು ಕೇಳಬಹುದು. ಖಂಡಿತ ಅಲ್ಲ. ಬಗ್ ಇಲ್ಲದ ಪ್ರೋಗ್ರಾಮ್ ಬರೆದವರು ಯಾರಿದ್ದಾರೆ ಹೇಳಿ? ನನ್ನ ತಕರಾರು ಬಗ್ ಬಗ್ಗೆ ಅಲ್ಲ. ಬಗ್ ಇದೆ ಅಂತ ಹೇಳಿದವನನ್ನೇ ಕಳ್ಳ ಮಾಡಿದ್ದರ ಬಗ್ಗೆ. ಆಗ ಪೋಸ್ಟ್ ಆಫೀಸಿನಲ್ಲಿ ದೂರು ಕೊಡ್ತಿದ್ದಿದ್ದೂ ಕಂಪನಿ, ತನಿಖೆ ಮಾಡ್ತಿದ್ದಿದ್ದೂ ಕಂಪನಿ, ಎಷ್ಟೋ ಕೇಸುಗಳಲ್ಲಿ ಮೊಕದ್ದಮೆ ಹೂಡ್ತಿದ್ದಿದ್ದೂ ಅದೇ ಕಂಪನಿ! ಸಾಲದ್ದಕ್ಕೆ, ಕಂಪ್ಯೂಟರ್ ಸರಿಯಾಗೇ ಇದೆ ಅಂತ ಕೋರ್ಟ್ ಭಾವಿಸುವಂತೆ ಅಲ್ಲಿನ ಕಾನೂನು 1999ರಲ್ಲೇ ಬದಲಾಗಿತ್ತು. ತಪ್ಪಿದೆ ಅಂತ ತೋರಿಸೋ ಭಾರ ಕೌಂಟರಿನ ಹಿಂದೆ ಕೂತವರ ಮೇಲೆ. ಆದರೆ ಸಾಕ್ಷ್ಯ ಇರೋದು ಕಂಪನಿಯ ಸರ್ವರಿನಲ್ಲಿ! ಫುಜಿತ್ಸು ಸಿಬ್ಬಂದಿ ದೂರದಿಂದಲೇ ಶಾಖೆಯ ಲೆಕ್ಕ ತಿದ್ದಬಲ್ಲರು ಅನ್ನೋದನ್ನೂ ಕಂಪನಿ ವರ್ಷಗಟ್ಟಲೆ ಅಲ್ಲಗಳೆಯಿತು.

ಇನ್ನೊಂದು ವಾದ ಇದೆ. ಇದೆಲ್ಲ ಲಾಭಕೋರ ಖಾಸಗಿಯವರ ಬುದ್ಧಿ ಅನ್ನೋದು. ಇಲ್ಲ ಸ್ವಾಮಿ, ಪೋಸ್ಟ್ ಆಫೀಸಿನ ಮಾಲೀಕ ಸರ್ಕಾರವೇ. ಇಲ್ಲಿ ಕಾಪಾಡಬೇಕಾಗಿದ್ದು ‘ಹೆಸರು’. ಜನ ನಂಬೋ ಸಂಸ್ಥೆ ಅನ್ನೋ ಹೆಸರನ್ನ ಉಳಿಸಿಕೊಳ್ಳೋಕೆ ನಂಬಿಕೆಗೆ ಅರ್ಹರಾಗಿದ್ದ ಜನರನ್ನೇ ಬಲಿ ಕೊಟ್ಟರು. ಮುಖ್ಯಸ್ಥೆಯಾಗಿದ್ದ ಪೌಲಾ ವೆನೆಲ್ಸ್‌ಗೆ 2019ರ ಹೊಸ ವರ್ಷಕ್ಕೆ ಗೌರವ ಪದವಿ ಸಿಕ್ಕಿದ್ದು ಅಂಚೆ ಸೇವೆ ಮತ್ತು ದಾನಧರ್ಮದ ಕೆಲಸಕ್ಕೆ! ಅದೇ ವರ್ಷ ಡಿಸೆಂಬರಿನಲ್ಲಿ ಹೈಕೋರ್ಟು ಹೊರೈಜನ್‌ನಲ್ಲಿ ದೋಷಗಳಿದ್ದವು ಅಂತ ತೀರ್ಪು ಕೊಟ್ಟಿತು. ಅಲನ್ ಬೇಟ್ಸ್ ಮುಂದಾಳತ್ವದಲ್ಲಿ ಕೇಸು ಹಾಕಿದ್ದ 555 ಜನರಿಗೆ ಸಿಕ್ಕ ಪರಿಹಾರ 5 ಕೋಟಿ 77 ಲಕ್ಷ ಪೌಂಡ್. ಅದರಲ್ಲಿ ವಕೀಲರು ಮತ್ತು ಹಣ ಹೂಡಿದವರ ಪಾಲು ಕಳೆದು ಅವರ ಕೈಗೆ ಬಂದಿದ್ದು ಸುಮಾರು 1 ಕೋಟಿ 20 ಲಕ್ಷ. 2021ರಲ್ಲಿ 39 ಜನರ ಶಿಕ್ಷೆ ಒಟ್ಟಿಗೆ ರದ್ದಾಯ್ತು. ಉಳಿದವರಿಗೆ ಪಾರ್ಲಿಮೆಂಟು ಕಾಯ್ದೆ ಮಾಡಿದ್ದು 2024ರಲ್ಲಿ, ಅದೂ ಒಂದು ಟೀವಿ ಧಾರಾವಾಹಿ ಬಂದು ಇಡೀ ದೇಶ ಸಿಟ್ಟಿಗೆದ್ದ ಮೇಲೆ. ಗೌರವ ಪದವಿ ವಾಪಸ್ಸಾಗಿದ್ದೂ ಆಗಲೇ.

ಎಲ್ಲೋ ಇಂಗ್ಲೆಂಡಿನ ಕಥೆ, ನಮಗೇನು ಅಂತೀರಾ? ನಮ್ಮ ಮನೆ ಬಾಗಿಲಿಗೆ ಪಾರ್ಸೆಲ್ ತರೋ ಹುಡುಗನ ಹಣೆಬರಹ ಬರೆಯೋದೂ ಒಂದು ಆ್ಯಪ್ ಅಲ್ವಾ? ಖಾತೆ ಬಂದ್ ಆದರೆ ‘ಸಿಸ್ಟಮ್ ಹಾಗೆ ತೋರಿಸ್ತಿದೆ’ ಅನ್ನೋ ಉತ್ತರ ಬಂದರೆ ಅವನು ಯಾರನ್ನ ಕೇಳಬೇಕು? ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗೆ ತಂದ ಕಾಯ್ದೆಯಲ್ಲಿ, ಕೆಲಸದಿಂದ ತೆಗೆಯುವಾಗ ಕಾರಣ ಕೊಡಬೇಕು, ಯಂತ್ರ ಹೇಗೆ ತೀರ್ಮಾನಿಸುತ್ತೆ ಅಂತ ತಿಳಿಸಬೇಕು ಅನ್ನೋ ಮಾತಿದೆ. ಕಲ್ಯಾಣ ನಿಧಿಯಷ್ಟೇ ಮುಖ್ಯವಾದ ಮಾತು ಅದು.

ನನ್ನ ಪ್ರಕಾರ ಹೊಣೆಗಾರಿಕೆಯ ವರದಿಯಲ್ಲಿ ಗಿಡಗಳ ಸಂಖ್ಯೆಗಿಂತ ಮೊದಲು ಇರಬೇಕಾದ್ದು ಇದು: ಈ ವರ್ಷ ನಮ್ಮ ಯಂತ್ರ ತಪ್ಪು ಅಂತ ಎಷ್ಟು ಜನ ಹೇಳಿದರು, ಅದನ್ನ ಹೊರಗಿನವರು ಯಾರು ಪರೀಕ್ಷಿಸಿದರು, ಎಷ್ಟು ಸಲ ಅವರೇ ಸರಿ ಇದ್ದರು. ಈ ಮೂರು ಅಂಕಿ ಕೊಡದ ಕಂಪನಿ ಎಷ್ಟು ಶಾಲೆಗೆ ಸುಣ್ಣ ಬಳಿದರೆ ಏನು ಬಂತು?

ಕೋಡ್ ಬರೆಯೋ ಗೆಳೆಯರು ಇಲ್ಲಿ ಬಹಳ ಜನ ಇದ್ದೀರಿ. ನೀವು ಬರೆದ ಕೋಡ್ ಕೋರ್ಟಿನಲ್ಲಿ ಸಾಕ್ಷಿ ಹೇಳೋದಾದರೆ ನೀವು ಅದನ್ನ ನಂಬ್ತೀರಾ? ಬರೀರಿ, ಮಾತಾಡೋಣ.