ಕರ್ತೃ, ಕರ್ಮ, ಕ್ರಿಯೆ: ಕಾನೂನಿನ ಕಣ್ಣಿಗೆ ಬೀಳದ ಮಕ್ಕಳು

ಮೂರನೆಯ ತರಗತಿಯ ಹುಡುಗನೊಬ್ಬ ಓಡಿಬಂದು ‘ಬಸು ಸಲೀಮ ಹೊಡೆದ’ ಎಂದು ದೂರುತ್ತಾನೆ ಎಂದಿಟ್ಟುಕೊಳ್ಳೋಣ. ಹೊಡೆದವನಾರು, ಹೊಡೆಸಿಕೊಂಡವನಾರು? ಶಿಕ್ಷಕರು ಊಹಿಸಬೇಕು, ಊಹೆ ತಪ್ಪಿದರೆ ನಿರಪರಾಧಿಗೆ ಶಿಕ್ಷೆ. ಈ ಹುಡುಗನಿಗೆ ಕಿವಿ ಚೆನ್ನಾಗಿ ಕೇಳುತ್ತದೆ, ಆಟದಲ್ಲಿ ಚುರುಕು, ಲೆಕ್ಕದಲ್ಲಿಯೂ ತೀರ ಹಿಂದಿಲ್ಲ. ಆದರೆ ಪದಗಳನ್ನು ವಾಕ್ಯವಾಗಿ ಕಟ್ಟುವ ಶಕ್ತಿ ವಯಸ್ಸಿಗೆ ತಕ್ಕಂತೆ ಬೆಳೆದಿಲ್ಲ. ಇಂತಹ ಮಕ್ಕಳಿಗೆ ನಮ್ಮ ಶಾಲೆಗಳಲ್ಲಿ ಸಾಮಾನ್ಯವಾಗಿ ದೊರೆಯುವ ಬಿರುದು ‘ದಡ್ಡ’.

ಬ್ರಿಟನ್ನಿನಲ್ಲಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, ನಾಲ್ಕೈದು ವರ್ಷದ ಮಕ್ಕಳಲ್ಲಿ ಶೇ 7ಕ್ಕಿಂತ ಹೆಚ್ಚು ಮಂದಿಗೆ ಭಾಷಾ ದೋಷವಿರುವುದನ್ನು ಗುರುತಿಸಿತು. ಅಂದರೆ 30 ಮಕ್ಕಳ ತರಗತಿಯಲ್ಲಿ ಇಬ್ಬರು. ಆ ಲೆಕ್ಕವನ್ನು ಹೊಸಪೇಟೆಗೋ ಕಂಪ್ಲಿಗೋ ಯಥಾವತ್ತಾಗಿ ಅನ್ವಯಿಸಲಾಗದು. ಆದರೂ ಇದು ಅಪರೂಪದ ತೊಂದರೆಯಲ್ಲ ಎಂಬುದಂತೂ ಸ್ಪಷ್ಟ.

ಸರ್ಕಾರದ ನಿಲುವು ಇಲ್ಲಿ ವಿಚಿತ್ರವಾಗಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ‘ಭಾಷಾ ಬೆಳವಣಿಗೆಯಲ್ಲಿ ವಿಳಂಬ’ ಸೇರಿದೆ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ‘ವಾಕ್ ಮತ್ತು ಭಾಷಾ ವೈಕಲ್ಯ’ವನ್ನು ಅಂಗಾಂಗದ ಇಲ್ಲವೇ ನರಸಂಬಂಧಿ ಕಾರಣದಿಂದ ಉಂಟಾದ ಶಾಶ್ವತ ನ್ಯೂನತೆ ಎಂದು ವಿವರಿಸುತ್ತದೆ. ಧ್ವನಿಪೆಟ್ಟಿಗೆ ತೆಗೆಸಿಕೊಂಡವರು, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರು ಈ ವ್ಯಾಖ್ಯೆಯೊಳಗೆ ಬರುತ್ತಾರೆ. ಯಾವ ಸ್ಪಷ್ಟ ಕಾರಣವೂ ಕಾಣದೆ ವಾಕ್ಯ ಕಟ್ಟಲು ತಡವರಿಸುವ ಮಗು ಬರುವುದು ಕಷ್ಟ. ಒಂದು ಇಲಾಖೆಯ ಕಣ್ಣಿಗೆ ಬಿದ್ದ ಮಗು ಇನ್ನೊಂದರ ಕಡತದಲ್ಲಿ ಮಾಯವಾಗುತ್ತದೆ.

ಈ ಭಾಗದ ಭೂಗೋಳವೂ ನೆರವಾಗುವಂತಿಲ್ಲ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹೊಸಪೇಟೆ, ಹಂಪಿ ಅತ್ತ ಹೋದವು; ಸಂಡೂರು, ಕಂಪ್ಲಿ ಬಳ್ಳಾರಿಯಲ್ಲಿಯೇ ಉಳಿದವು. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ಸುಮಾರು ನಾಲ್ಕುನೂರು ಕಿಲೋಮೀಟರ್ ದೂರದ ಮೈಸೂರಿನಲ್ಲಿ. ಭಾಷಾ ತರಬೇತಿ ಒಂದೆರಡು ಭೇಟಿಗಳಲ್ಲಿ ಮುಗಿಯುವಂಥದ್ದಲ್ಲ. ವಾರಕ್ಕೆ ಹಲವು ಸಲ, ತಿಂಗಳುಗಟ್ಟಲೆ ನಡೆಯಬೇಕು. ಕೂಲಿ ಬಿಟ್ಟು ಅಷ್ಟು ದೂರ ಅಲೆಯುವ ತಾಯ್ತಂದೆಯರು ಎಷ್ಟು ಮಂದಿ ಇದ್ದಾರು? ಆದ್ದರಿಂದ ತರಬೇತಿಯೇ ಶಾಲೆಗೆ ಬರಬೇಕು. ಬರುವಾಗ ಅದು ಕನ್ನಡದಲ್ಲಿಯೇ ಬರಬೇಕು ಎಂಬುದು ಈ ಲೇಖನದ ಮುಖ್ಯ ವಾದ.

ವಾಕ್ಯರಚನೆಯನ್ನು ಕಣ್ಣಿಗೆ ಕಾಣುವಂತೆ ಕಲಿಸುವ ಕ್ರಮ ಹಳೆಯದು. ಸ್ವತಃ ಕಿವುಡರಾಗಿದ್ದ ಅಮೆರಿಕದ ಶಿಕ್ಷಕಿ ಎಡಿತ್ ಫಿಟ್ಜ್‌ಜೆರಾಲ್ಡ್ 1926ರಲ್ಲಿಯೇ ಪದಗಳನ್ನು ಅವುಗಳ ಸ್ಥಾನಕ್ಕೆ ತಕ್ಕಂತೆ ಅಂಕಣಗಳಲ್ಲಿ ಜೋಡಿಸುವ ವಿಧಾನವನ್ನು ಪ್ರಕಟಿಸಿದರು. ಬ್ರಿಟನ್ನಿನ ಸೂಸನ್ ಎಬೆಲ್ಸ್ ಆಕಾರ ಮತ್ತು ಬಣ್ಣಗಳ ಮೂಲಕ ಇದನ್ನು ಮುಂದುವರಿಸಿದರು. ಅವರ ತಂಡ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 11ರಿಂದ 16 ವರ್ಷದ ಮಕ್ಕಳೂ ಪ್ರಗತಿ ತೋರಿದರು. ವಯಸ್ಸು ಮೀರಿತು ಎಂದು ಕೈಚೆಲ್ಲುವವರು ಇದನ್ನು ಗಮನಿಸಬೇಕು.

ಆದರೆ ಇವೆಲ್ಲ ಇಂಗ್ಲಿಷಿಗಾಗಿ ರೂಪುಗೊಂಡ ವಿಧಾನಗಳು. ಇಂಗ್ಲಿಷಿನಲ್ಲಿ ಯಾರು ಯಾರಿಗೆ ಏನು ಮಾಡಿದರು ಎಂಬುದನ್ನು ಹೇಳುವುದು ಪದಗಳ ಸ್ಥಾನ. ಕನ್ನಡದಲ್ಲಿ ಆ ಕೆಲಸದ ಬಹುಭಾಗ ವಿಭಕ್ತಿ ಪ್ರತ್ಯಯದ್ದು. ‘ಬಸು ಸಲೀಮನನ್ನು ತಳ್ಳಿದ’ ಎಂದರೂ ‘ಸಲೀಮನನ್ನು ಬಸು ತಳ್ಳಿದ’ ಎಂದರೂ ಬಿದ್ದವನು ಸಲೀಮನೇ. ಹದಿಮೂರನೆಯ ಶತಮಾನದ ಕೇಶಿರಾಜನಿಂದ ಹಿಡಿದು ನಮ್ಮ ವೈಯಾಕರಣರು ವಿಭಕ್ತಿಗೆ ಅಷ್ಟೊಂದು ಮಹತ್ವ ಕೊಟ್ಟದ್ದು ಸುಮ್ಮನೆ ಅಲ್ಲ. ಮೂರು ಚೌಕಗಳಲ್ಲಿ ಮೂರು ಚಿತ್ರಗಳನ್ನಿಟ್ಟು ಪದಕ್ರಮ ಮಾತ್ರ ಕಲಿಸಿದರೆ ಮಗು ‘ಬಸು ಸಲೀಮ ತಳ್ಳಿದ’ ಎಂಬಲ್ಲಿಯೇ ನಿಲ್ಲುತ್ತದೆ. ಕರ್ಮದ ಚೌಕಕ್ಕೆ ಪ್ರತ್ಯಯದ ಬಾಲವೂ ಬೇಕು.

ಕಟ್ಟುವ ಕ್ರಮವೂ ಬೇರೆಯಾಗಬೇಕು. ಕನ್ನಡ ವಾಕ್ಯದ ಬುಡ ಕೊನೆಯಲ್ಲಿದೆ. ‘ತಿಂದಳು’ ಎಂಬ ಒಂದೇ ಪದ ತಿಂದವಳು ಒಬ್ಬಳು, ಹೆಣ್ಣು ಎಂಬುದನ್ನೂ ಕಾಲವನ್ನೂ ತಿಳಿಸುತ್ತದೆ. ಆದಕಾರಣ ಮೊದಲು ‘ತಿಂದಳು’, ಬಳಿಕ ‘ರೊಟ್ಟಿ ತಿಂದಳು’, ಆಮೇಲೆ ‘ಅಕ್ಕ ರೊಟ್ಟಿ ತಿಂದಳು’ ಎಂದು ಎಡಕ್ಕೆ ಬೆಳೆಸುತ್ತ ಹೋಗುವುದು ಸಹಜ. ರೊಟ್ಟಿ ಅಕ್ಕನನ್ನು ತಿನ್ನಲಾರದಷ್ಟೆ. ಇಲ್ಲಿ ಪ್ರತ್ಯಯವಿಲ್ಲದೆಯೂ ಅರ್ಥ ಕೆಡುವುದಿಲ್ಲ. ನಿಜವಾದ ಪರೀಕ್ಷೆ ಬರುವುದು ‘ನಾಯಿ ಮಂಗನನ್ನು ಅಟ್ಟಿತು’ ಎಂಬಂಥ, ಪಾತ್ರ ಅದಲುಬದಲಾಗಬಲ್ಲ ವಾಕ್ಯಗಳಲ್ಲಿ. ಹಂಪಿಯ ಮಕ್ಕಳಿಗೆ ಈ ದೃಶ್ಯವನ್ನು ಪುಸ್ತಕದಿಂದ ತೋರಿಸಬೇಕಾಗಿಯೂ ಇಲ್ಲ. ಮನೆಯಲ್ಲಿ ‘ಸಲೀಮಗ ಹೊಡದ’ ಎನ್ನುವ ಮಗುವನ್ನು ‘ಸಲೀಮನಿಗೆ’ ಎಂದು ತಿದ್ದಲು ಹೊರಡುವುದು ಅನಗತ್ಯ. ಪ್ರತ್ಯಯ ಬಂದಿತಲ್ಲ, ಅದು ಸಾಕು.

ಇಲ್ಲಿ ಒಂದು ಅನುಕೂಲವೂ ಇದೆ. ಕಂಪ್ಲಿಯ ತೆಲುಗು, ಹೊಸಪೇಟೆಯ ಉರ್ದು, ಸಂಡೂರಿನ ತಾಂಡಾಗಳ ಲಂಬಾಣಿ, ತೋರಣಗಲ್ಲಿಗೆ ದುಡಿಯಲು ಬಂದವರ ಹಿಂದಿ ಎಲ್ಲವೂ ಕ್ರಿಯಾಪದವನ್ನು ಕೊನೆಗಿಡುವ ಭಾಷೆಗಳೇ. ಮನೆಮಾತು ಬೇರೆಯಾದರೂ ವಾಕ್ಯದ ಅಚ್ಚು ಒಂದೇ. ಕಲಿಯಬೇಕಾದುದು ಕನ್ನಡದ ಪ್ರತ್ಯಯಗಳನ್ನು. ಈ ಅಚ್ಚನ್ನು ಮುರಿಯುವುದು ಇಂಗ್ಲಿಷ್. ಮನೆಯ ಭಾಷೆಯಲ್ಲಿಯೇ ವಾಕ್ಯ ಕೂಡಿಬಾರದ ಮಗುವನ್ನು ‘ಅಲ್ಲಿಯಾದರೂ ಮಾತು ಬಂದೀತು’ ಎಂದು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವವರು ಅದರ ಹೊರೆ ಹೆಚ್ಚಿಸುತ್ತಿದ್ದಾರೆ.

ಇದಕ್ಕೆ ದೊಡ್ಡ ಯಂತ್ರಗಳೇನೂ ಬೇಕಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತು ರಾಜ್ಯಕ್ಕೆ ಹಬ್ಬಿದ ನಲಿ-ಕಲಿ ನಮ್ಮ ಶಿಕ್ಷಕರಿಗೆ ಕಾರ್ಡುಗಳ ಬಳಕೆಯನ್ನು ರೂಢಿಸಿದೆ. ಕನ್ನಡ ಮಾತನಾಡುವವರ ಭಾಷಾ ಸಾಮರ್ಥ್ಯ ಅಳೆಯಲು ಪ್ರತಿಭಾ ಕಾರಂತರು 1980ರ ಆಸುಪಾಸಿನಲ್ಲಿಯೇ ಪರೀಕ್ಷೆಯೊಂದನ್ನು ರೂಪಿಸಿದ್ದಾರೆ. 1991ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯ ಈ ನಾಲ್ಕು ಊರುಗಳ ನಡುವೆಯೇ ಇದೆ. ಇಲ್ಲಿನ ಆಡುಮಾತಿನಲ್ಲಿ ಒಂದು ಕಟ್ಟು ವಾಕ್ಯ ಕಾರ್ಡುಗಳನ್ನು ಸಿದ್ಧಪಡಿಸಿ, ಎರಡೂ ಜಿಲ್ಲೆಗಳ ಸಂಪನ್ಮೂಲ ಶಿಕ್ಷಕರಿಗೆ ಒಟ್ಟಾಗಿ ತರಬೇತಿ ನೀಡುವುದಕ್ಕೆ ಕಾಯ್ದೆಯ ತಿದ್ದುಪಡಿಗಾಗಿ ಕಾಯಬೇಕಿಲ್ಲ. ತಿದ್ದುಪಡಿ ಬೇಕಾಗಿರುವುದು ಪ್ರಮಾಣಪತ್ರಕ್ಕೆ, ಪರೀಕ್ಷೆಯಲ್ಲಿನ ರಿಯಾಯಿತಿಗೆ; ಆ ಕೆಲಸ ದೆಹಲಿಯದು.